ಸುತ್ತೋಲೆ ಮೊದಲು, ಸಭೆ ಆಮೇಲೆ: ಪರಿಷತ್ತಿನ ಸದಸ್ಯೆ ಏನು ಮಾಡಬಹುದು?

ಪ್ರಶ್ನೆ: ಅವಿಭಜಿತ ದಕ್ಷಿಣ ಕನ್ನಡದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಸಹ ಪ್ರಾಧ್ಯಾಪಕಿ. ಸೇವಾ ಜ್ಯೇಷ್ಠತೆಯ ಸರದಿಯಲ್ಲಿ ಕಳೆದ ವರ್ಷ ವಿದ್ಯಾವಿಷಯಕ ಪರಿಷತ್ತಿನ (ಅಕಾಡೆಮಿಕ್ ಕೌನ್ಸಿಲ್) ಸದಸ್ಯೆಯಾದೆ. ಸೆಮಿಸ್ಟರ್ ಅರ್ಧ ಮುಗಿದಿದ್ದಾಗ ಕುಲಸಚಿವರ (ರಿಜಿಸ್ಟ್ರಾರ್) ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸುತ್ತೋಲೆ ಬಂತು. ಅದರಲ್ಲಿ ಮೂರು ಆದೇಶಗಳಿದ್ದವು. ಅಧ್ಯಾಪಕರು ಮುಖ ಗುರುತಿಸುವ ಯಂತ್ರದ ಮುಂದೆ ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ಐದಕ್ಕೂ ಹಾಜರಿ ಹಾಕಬೇಕು. ಪತ್ರಿಕೆಗಳಿಗೆ ಬರೆಯಲು, ಸಾಮಾಜಿಕ ಜಾಲತಾಣಗಳಲ್ಲಿ ಅಭಿಪ್ರಾಯ ಹಾಕಲು ಪೂರ್ವಾನುಮತಿ ಪಡೆಯಬೇಕು. ಆಂತರಿಕ ಮೌಲ್ಯಮಾಪನದ ಅಂಕಗಳ ಹಂಚಿಕೆ ಇದೇ ಸೆಮಿಸ್ಟರ್‌ನಿಂದ ಬದಲಾಗುತ್ತದೆ. ಪಠ್ಯಕ್ರಮ ರೂಪಿಸುವ ಯಾವ ಅಧ್ಯಯನ ಮಂಡಳಿಯನ್ನೂ ಕೇಳಿರಲಿಲ್ಲ. ಎರಡು ತಿಂಗಳ ನಂತರ ಪರಿಷತ್ತಿನ ಸಭೆ ನಡೆದಾಗ ಸುತ್ತೋಲೆ ‘ಅನುಮೋದನೆಗಾಗಿ’ ಬಂತು. ವಿವರಣೆ ಕೇಳಲು ಎದ್ದೆ. ‘ಸಮಯವಿಲ್ಲ ಮೇಡಂ, ಬರೆದು ಕೊಡಿ’ ಎಂದರು ಅಧ್ಯಕ್ಷರು. ಈಗ ಬಂದಿರುವ ಕರಡು ನಡಾವಳಿಯಲ್ಲಿ ‘ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂದಿದೆ. ನಮಗೆ ನಿಜವಾಗಿಯೂ ಏನಾದರೂ ಅಧಿಕಾರವಿದೆಯೇ? ಇಲ್ಲದಿದ್ದರೆ ರಾಜೀನಾಮೆ ಕೊಡುವುದೇ ಮರ್ಯಾದೆಯಲ್ಲವೇ? (ಹೆಸರು, ಸಂಸ್ಥೆ ಬೇಡ.)

ಉತ್ತರ: ಅಧಿಕಾರವಿದೆ ಮೇಡಂ. ಆದರೆ ಮೂರು ಆದೇಶಗಳ ಮೇಲೂ ಒಂದೇ ಅಳತೆಯ ಅಧಿಕಾರವಿಲ್ಲ. ಇವನ್ನು ಒಂದೇ ಸುತ್ತೋಲೆಯಲ್ಲಿ ಸೇರಿಸಿದ್ದು ಆಕಸ್ಮಿಕವೋ ಜಾಣತನವೋ ನಾನು ಹೇಳಲಾರೆ. ಪರಿಣಾಮವಂತೂ ಒಂದೇ: ಹಾಜರಿ ಯಂತ್ರದ ಮೇಲಿನ ಸಿಟ್ಟಿನಲ್ಲಿ ಅಂಕಗಳ ಹಂಚಿಕೆಯ ವಿಚಾರ ಯಾರ ಕಣ್ಣಿಗೂ ಬೀಳದೆ ಜಾರಿಹೋಯಿತು. ನಿಮ್ಮ ಪತ್ರದಲ್ಲೂ ಯಂತ್ರ ಮೊದಲು ಬಂದಿದೆ, ಅಂಕ ಕೊನೆಗೆ. ನಾನಾದರೆ ಆ ಕ್ರಮವನ್ನು ತಿರುಗಿಸುತ್ತಿದ್ದೆ.

ಮೊದಲು ಕೇಳಬೇಕಾದದ್ದು, ನೀವು ಯಾವ ಕಾನೂನಿನ ಮೇಲೆ ನಿಂತಿದ್ದೀರಿ ಎಂದು. ಕೊಣಾಜೆಯಿಂದ ಹೊರಟು ದೇರಳಕಟ್ಟೆ, ಮಂಗಳೂರು ನಗರ, ಸುರತ್ಕಲ್ ದಾಟಿ ಮಣಿಪಾಲ ಸೇರುವಷ್ಟರಲ್ಲಿ ನಾಲ್ಕು ಬಗೆಯ ವಿಶ್ವವಿದ್ಯಾಲಯ ಆಡಳಿತಗಳನ್ನು ಹಾದುಹೋಗುತ್ತೇವೆ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಹುಟ್ಟಿದ್ದು. ಈಗ ಅದನ್ನು ಆಳುತ್ತಿರುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ. ಅಲ್ಲಿ ರಾಜ್ಯಪಾಲರು ಕುಲಾಧಿಪತಿಗಳು (ಚಾನ್ಸಲರ್), ಕಾರ್ಯಾಡಳಿತ ಸಿಂಡಿಕೇಟ್‌ನದು, ಪಠ್ಯ ಮತ್ತು ಪರೀಕ್ಷೆ ವಿದ್ಯಾವಿಷಯಕ ಪರಿಷತ್ತಿನದು. 1976ರ ಹಳೆಯ ಕಾಯ್ದೆಯಲ್ಲಿ ಸೆನೆಟ್ ಎಂಬ ದೊಡ್ಡ ಸಭೆಯೂ ಇತ್ತು. ಹೊಸ ಕಾಯ್ದೆ ಅದನ್ನು ಕೈಬಿಟ್ಟಿತು. ಸೆನೆಟ್‌ನಲ್ಲಿ ಕೆಲಸಕ್ಕಿಂತ ಭಾಷಣ ಹೆಚ್ಚು ಎಂದು ದೂರುತ್ತಿದ್ದವರು ಆಗ ಸಂತೋಷಪಟ್ಟರು. ಆದರೆ ಆಡಳಿತ ಸಾರ್ವಜನಿಕವಾಗಿ ಉತ್ತರ ಕೊಡಬೇಕಾಗಿದ್ದ ಒಂದು ಜಾಗ ಹೋಯಿತು ಎಂಬುದು ಎಷ್ಟೋ ಜನರಿಗೆ ತಡವಾಗಿ ತಿಳಿಯಿತು.

ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯದು ಬೇರೆಯೇ ಲೋಕ. 1960ರಲ್ಲಿ ಕೆಆರ್‌ಇಸಿ ಎಂಬ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಆ ಸಂಸ್ಥೆ ಈಗ ಸಂಸತ್ತಿನ 2007ರ ಎನ್‌ಐಟಿ ಕಾಯ್ದೆಯ ಅಡಿ ಇದೆ. ಅಲ್ಲಿನ ಸೆನೆಟ್‌ನಲ್ಲಿ ಪಾಠ ಹೇಳಲು ನೇಮಕವಾದ ಪ್ರಾಧ್ಯಾಪಕರೆಲ್ಲರೂ ಹುದ್ದೆಯ ಬಲದಿಂದಲೇ ಸದಸ್ಯರು. ಯಾರ ನಾಮನಿರ್ದೇಶನವೂ ಬೇಡ. ಅಧ್ಯಾಪಕರ ಸಭೆ ಎಂಬ ಮಾತಿಗೆ ಸಮೀಪವಾದದ್ದು ಈ ಭಾಗದಲ್ಲಿ ಅದೊಂದೇ ಎಂದು ನನ್ನ ಅನಿಸಿಕೆ. ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಘೋಷಿತವಾದ ಡೀಮ್ಡ್ ವಿಶ್ವವಿದ್ಯಾಲಯಗಳು (ಮಣಿಪಾಲದ ಸಂಸ್ಥೆ 1993ರಲ್ಲಿ ಆ ಸ್ಥಾನ ಪಡೆಯಿತು, ದೇರಳಕಟ್ಟೆಯ ನಿಟ್ಟೆ ಮತ್ತು ಯೇನೆಪೋಯ 2008ರಲ್ಲಿ, 1880ರ ಸಂತ ಅಲೋಶಿಯಸ್ 2024ರಲ್ಲಿ) ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2023ರ ನಿಯಮಾವಳಿಯ ಕೆಳಗೆ ಬರುತ್ತವೆ. ಶ್ರೀನಿವಾಸ ವಿಶ್ವವಿದ್ಯಾಲಯದಂಥವು ರಾಜ್ಯ ವಿಧಾನಮಂಡಲ ಪ್ರತ್ಯೇಕವಾಗಿ ಮಾಡಿದ ಕಾಯ್ದೆಯಿಂದ ಹುಟ್ಟಿದವು. ನಿಮ್ಮದು ಖಾಸಗಿ ಎಂದಷ್ಟೇ ಬರೆದಿದ್ದೀರಿ, ಊಹಿಸಲು ನನಗೂ ಇಷ್ಟವಿಲ್ಲ. ಎರಡರಲ್ಲಿ ಯಾವುದಾದರೂ ಆಗಲಿ, ಪಠ್ಯಕ್ರಮ, ಬೋಧನೆ, ಪರೀಕ್ಷೆ, ಮೌಲ್ಯಮಾಪನದ ಮಟ್ಟ ಇವುಗಳ ಮೇಲಿನ ಮೇಲ್ವಿಚಾರಣೆ ವಿದ್ಯಾವಿಷಯಕ ಪರಿಷತ್ತಿನದು. ಹಣ, ನೇಮಕಾತಿ, ಕಟ್ಟಡ, ಸೇವಾ ನಿಯಮಗಳು ಕಾರ್ಯಕಾರಿ ಮಂಡಳಿಯದು ಅಥವಾ ಆಡಳಿತ ಮಂಡಳಿಯದು. ನಿಮ್ಮ ಸಂಸ್ಥೆಯ ನಿಯಮಪುಸ್ತಕದಲ್ಲಿ ಪರಿಷತ್ತಿನ ಅಧಿಕಾರಗಳ ಪುಟವನ್ನು ಇವತ್ತೇ ತೆಗೆದು ಓದಿ. ಪರಿಷತ್ತಿನಲ್ಲಿ ವರ್ಷಗಟ್ಟಲೆ ಕುಳಿತೂ ಆ ಪುಟ ತೆರೆಯದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈಗ ಅಂಕಗಳ ವಿಚಾರ. ಆಂತರಿಕ ಮೌಲ್ಯಮಾಪನದ ಹಂಚಿಕೆ ಬದಲಿಸುವುದು ಶುದ್ಧ ಶೈಕ್ಷಣಿಕ ನಿರ್ಧಾರ. ಅದು ಅಧ್ಯಯನ ಮಂಡಳಿಯಿಂದ ಹೊರಟು, ನಿಕಾಯ (ಫ್ಯಾಕಲ್ಟಿ) ಇದ್ದಲ್ಲಿ ನಿಕಾಯವನ್ನು ಹಾದು, ಪರಿಷತ್ತಿಗೆ ಬರಬೇಕು. ಹಾಗಾದರೆ ಕುಲಸಚಿವರು ಸುತ್ತೋಲೆ ಹೊರಡಿಸಿದ್ದು ಹೇಗೆ? ಬಹುತೇಕ ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ ಕುಲಪತಿಗೆ (ವೈಸ್ ಚಾನ್ಸಲರ್) ತುರ್ತು ಅಧಿಕಾರವೊಂದಿರುತ್ತದೆ. ಬೇರೊಂದು ಪ್ರಾಧಿಕಾರ ಮಾಡಬೇಕಾದ ಕೆಲಸವನ್ನು ತಕ್ಷಣ ಮಾಡಲೇಬೇಕಾದಾಗ ಕುಲಪತಿ ತಾವೇ ಮಾಡಿ, ಅದನ್ನು ಆ ಪ್ರಾಧಿಕಾರದ ಮುಂದಿನ ಸಭೆಗೆ ವರದಿ ಮಾಡಬಹುದು. ‘ಘಟನೋತ್ತರ ಅನುಮೋದನೆ’ ಎಂದು ಕಾರ್ಯಸೂಚಿಯಲ್ಲಿ ಕಾಣುವುದು ಇದನ್ನೇ. ಪ್ರವಾಹ ಬಂದು ಪರೀಕ್ಷೆ ಮುಂದೂಡಬೇಕಾದಾಗ, ಸಾಂಕ್ರಾಮಿಕ ರೋಗ ಬಂದಾಗ ಬೇಕಾಗುವ ಅಧಿಕಾರ ಇದು. ಜುಲೈಯಲ್ಲಿ ಜಿಲ್ಲಾಧಿಕಾರಿ ಕೆಂಪು ಎಚ್ಚರಿಕೆಗೆ ರಜೆ ಸಾರಿದಾಗ ಯಾರೂ ಪರಿಷತ್ತು ಕರೆಯುತ್ತಾ ಕೂರುವುದಿಲ್ಲ, ಕೂರಬಾರದು ಕೂಡ. ಆದರೆ ಅಂಕಗಳ ಹಂಚಿಕೆಯಲ್ಲಿ ಯಾವ ಪ್ರವಾಹವಿತ್ತು? ತುರ್ತು ಏನೆಂದು ಕಡತದಲ್ಲಿ ಬರೆದಿರಬೇಕು. ನೀವು ಸಭೆಯಲ್ಲಿ ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೂ ಅದೇ, ಈಗ ಬರೆದು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಘಟನೋತ್ತರ ಅನುಮೋದನೆ ಎಂದರೆ ಒಪ್ಪಲೇಬೇಕೆಂದಲ್ಲ. ನಮ್ಮ ಪರಿಷತ್ತುಗಳಲ್ಲಿ ಅದು ಮದುವೆ ಮುಗಿದ ಮೇಲೆ ಜಾತಕ ನೋಡುವ ಶಾಸ್ತ್ರವಾಗಿಬಿಟ್ಟಿದೆ. ಆದರೆ ನಿಯಮ ಹಾಗೆ ಹೇಳುವುದಿಲ್ಲ. ಕುಲಪತಿ ಹೀಗೆ ಮಾಡಬಾರದಿತ್ತು ಎಂದು ಪ್ರಾಧಿಕಾರಕ್ಕೆ ಅನಿಸಿದರೆ ವಿಷಯ ಕುಲಾಧಿಪತಿಯ ಬಳಿಗೆ ಹೋಗುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ನಿಮ್ಮ ನಿಯಮಪುಸ್ತಕದಲ್ಲಿ ಆ ಷರತ್ತು ಯಾವ ಮಾತುಗಳಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಅಂಥ ಷರತ್ತು ಇದೆ ಎಂಬುದೇ ಅರ್ಧ ಪರಿಷತ್ತಿಗೆ ಗೊತ್ತಿರುವುದಿಲ್ಲ.

ಇನ್ನೊಂದು ವಾದವೂ ನಿಮ್ಮ ಕೈಯಲ್ಲಿದೆ. ವಿದ್ಯಾರ್ಥಿಗಳು ಒಂದು ಮೌಲ್ಯಮಾಪನ ಕ್ರಮವನ್ನು ನಂಬಿ ಸೆಮಿಸ್ಟರ್ ಆರಂಭಿಸಿದ್ದಾರೆ. ಆಟ ಶುರುವಾದ ಮೇಲೆ ನಿಯಮ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅದು ಸರ್ಕಾರಿ ನೇಮಕಾತಿಯ ಪ್ರಕರಣ, ನಿಮ್ಮ ಆಂತರಿಕ ಅಂಕಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದನ್ನು ಒಂದು ಸಾಲಿನಲ್ಲಿ ನೆನಪಿಸಿದರೆ ಕಾನೂನು ಸಲಹೆಗಾರರಿಗೆ ಒಂದು ಫೋನ್ ಹೋಗುತ್ತದೆ. ಅಷ್ಟು ಸಾಕು. ಮುಂದಿನ ಶೈಕ್ಷಣಿಕ ವರ್ಷದಿಂದ, ಹೊಸದಾಗಿ ಸೇರುವವರಿಗೆ ಅನ್ವಯಿಸಲಿ ಎಂಬ ತಿದ್ದುಪಡಿಯನ್ನು ಸೂಚಿಸಿ. ಆಡಳಿತಕ್ಕೆ ಸೋಲಿಲ್ಲದ ದಾರಿ ಅದು, ಆದ್ದರಿಂದ ಗೆಲ್ಲುವ ಸಾಧ್ಯತೆಯೂ ಅದಕ್ಕೇ ಹೆಚ್ಚು. ವಿದ್ಯಾರ್ಥಿಗಳಿಗೆ ತಮ್ಮದೇ ದಾರಿಯೂ ಇದೆ: ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲೂ ಸಮಿತಿ ಇರಬೇಕು, ಅದು 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ತೃಪ್ತಿಯಾಗದವರು ಮೇಲ್ಮನವಿ ಕೇಳುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ನೀವು ಅವರ ಕೈಯಿಂದ ದೂರು ಬರೆಯಿಸಬೇಡಿ. ಆ ಸಮಿತಿ ಇದೆ ಎಂಬ ಮಾಹಿತಿ ಸೂಚನಾ ಫಲಕದಲ್ಲಿದೆಯೇ ಎಂದು ಪರಿಷತ್ತಿನಲ್ಲಿ ಕೇಳಿ.

ನಾನೂ ಕುಲಸಚಿವನ ಕುರ್ಚಿಯಲ್ಲಿ ಕುಳಿತವನು. ಆ ಕುರ್ಚಿಯಿಂದ ಕಾಣುವುದನ್ನೂ ಹೇಳಬೇಕು. ಸಂಸ್ಥೆಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ನ ತಂಡ ಬರುವ ದಿನಾಂಕ ಗೊತ್ತಾಗಿರುತ್ತದೆ, ರ್‍ಯಾಂಕಿಂಗ್‌ಗೆ ಅಂಕಿಅಂಶ ಕಳುಹಿಸಬೇಕಾಗಿರುತ್ತದೆ, ಪಕ್ಕದ ಸಂಸ್ಥೆ ಏನೋ ಬದಲಾವಣೆ ಮಾಡಿದೆ ಎಂದು ಟ್ರಸ್ಟಿಯೊಬ್ಬರು ಫೋನ್ ಮಾಡಿರುತ್ತಾರೆ. ಅಧ್ಯಯನ ಮಂಡಳಿಯ ಸಭೆ ಕರೆದರೆ ಅಧ್ಯಕ್ಷರಿಗೆ ಪುರುಸೊತ್ತಿಲ್ಲ, ಬಾಹ್ಯ ಸದಸ್ಯರಿಗೆ ಪ್ರಯಾಣ ಭತ್ಯೆಯ ತಕರಾರು. ಪರಿಷತ್ತಿನ ಸಭೆಯಲ್ಲಿ ದಪ್ಪ ಕಡತವನ್ನು ಸದಸ್ಯರು ಮೊದಲ ಬಾರಿಗೆ ತೆರೆಯುವುದು ಕುರ್ಚಿಯಲ್ಲಿ ಕುಳಿತ ಮೇಲೆ. ಊಟದ ಹೊತ್ತು ಹತ್ತಿರವಾದಂತೆ ವಿಷಯಗಳು ಓಡುತ್ತವೆ. ಕಾರ್ಯಸೂಚಿಯನ್ನು ಜೋಡಿಸುವವರಿಗೆ ಇದು ಚೆನ್ನಾಗಿ ಗೊತ್ತು. ಚರ್ಚೆಯಾಗಬಾರದ ವಿಷಯ ಹನ್ನೆರಡೂವರೆಯ ಸುಮಾರಿಗೆ ಬರುವಂತೆ ಇರುತ್ತದೆ, ಇಲ್ಲವೇ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ಅಡಗಿರುತ್ತದೆ. ಆದ್ದರಿಂದ ಕಾರ್ಯಸೂಚಿ ಕೈಗೆ ಬಂದ ದಿನವೇ ಓದಿ, ಯಾವ ವಿಷಯದ ಮೇಲೆ ಮಾತನಾಡುತ್ತೀರಿ ಎಂದು ಇಮೇಲ್‌ನಲ್ಲಿ ಮುಂಚಿತವಾಗಿ ತಿಳಿಸಿ. ‘ಸಮಯವಿಲ್ಲ’ ಎಂಬ ಉತ್ತರ ಮುಂಚಿತವಾಗಿ ತಿಳಿಸಿದವರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ನಮ್ಮ ಕರಾವಳಿಯದೇ ಆದ ಎರಡು ಕಾರಣಗಳೂ ಇವೆ. ಇಲ್ಲಿನ ಕಾಲೇಜುಗಳಿಗೆ ಪಠ್ಯಕ್ರಮ ಬಹಳ ಕಾಲ ಹೊರಗಿನಿಂದ ಬರುತ್ತಿತ್ತು: ಮೊದಲು ಮದ್ರಾಸಿನಿಂದ, ಆಮೇಲೆ ಮೈಸೂರಿನಿಂದ, 1980ರ ನಂತರ ಕೊಣಾಜೆಯಿಂದ. ಬಂದದ್ದನ್ನು ಅಚ್ಚುಕಟ್ಟಾಗಿ ಕಲಿಸುವುದು, ಫಲಿತಾಂಶ ತರುವುದು ಇಲ್ಲಿನ ಮೇಷ್ಟರುಗಳ ಹೆಮ್ಮೆ. ಆ ಹೆಮ್ಮೆಗೆ ಅರ್ಹತೆಯೂ ಇತ್ತು. ಆದರೆ ಪಠ್ಯವನ್ನು ತಾವೇ ಮಾಡುವ ಅಧಿಕಾರ ಕೈಗೆ ಬಂದ ಮೇಲೂ ಮೇಲಿನಿಂದ ಬರುವುದಕ್ಕೆ ಕಾಯುವ ಅಭ್ಯಾಸ ಹೋಗಿಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಂತೂ ಆ ಕಾಯುವಿಕೆಗೆ ಈಚೆಗೆ ಹೊಸ ಸಮರ್ಥನೆ ಸಿಕ್ಕಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024ರ ಮೇ ತಿಂಗಳಲ್ಲಿ, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, ಮತ್ತೆ ಮೂರು ವರ್ಷವಾಯಿತು. ಎರಡು ಸಲವೂ ಚೌಕಟ್ಟು ಬೆಂಗಳೂರಿನಿಂದ ಬಂತು, ಅಧ್ಯಯನ ಮಂಡಳಿಗಳು ಖಾಲಿ ಜಾಗ ತುಂಬಿದವು. ನೀತಿ ಯಾವುದು ಸರಿ ಎಂಬ ಚರ್ಚೆ ಬೇರೆ. ಒಂದೇ ಮೇಜಿನ ಮೇಲೆ ಎರಡು ಬಗೆಯ ಪಠ್ಯಕ್ರಮ ಇಟ್ಟುಕೊಂಡು ಪಾಠ ಮಾಡಿದವರನ್ನು ಯಾರಾದರೂ ಕೂರಿಸಿಕೊಂಡು ಕೇಳಿದರೇ ಎಂಬುದು ನನ್ನ ಪ್ರಶ್ನೆ.

ಎರಡನೆಯ ಕಾರಣ ದಾಕ್ಷಿಣ್ಯ. ಇಲ್ಲಿನ ಸಂಸ್ಥೆಗಳನ್ನು ಕಟ್ಟಿದ್ದು ಕುಟುಂಬಗಳು, ಮಠಗಳು, ಧರ್ಮಪ್ರಾಂತ್ಯಗಳು, ಟ್ರಸ್ಟ್‌ಗಳು. ಆ ಕೆಲಸ ಸಣ್ಣದಲ್ಲ. ನಮ್ಮಲ್ಲಿ ಅರ್ಧದಷ್ಟು ಜನ ಅಂಥ ಸಂಸ್ಥೆಯಲ್ಲೇ ಓದಿ, ಅಲ್ಲೇ ಕೆಲಸ ಹಿಡಿದವರು. ಸೋಮವಾರದ ಸಭೆಯಲ್ಲಿ ಯಾರಿಗೆ ಎದುರಾಡಿದೆವೋ ಅವರ ಜೊತೆಗೇ ಭಾನುವಾರ ಮದುವೆ ಹಾಲ್‌ನಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕು. ಹಾಗಾಗಿ ‘ಯಾಕೆ ಸುಮ್ಮನೆ’ ಎನ್ನುತ್ತೇವೆ. ಇದಕ್ಕೆ ನನ್ನ ಬಳಿ ಔಷಧಿಯಿಲ್ಲ. ಒಂದು ಉಪಾಯವಿದೆ: ಎದುರಾಡಬೇಡಿ, ತಿದ್ದುಪಡಿ ಸೂಚಿಸಿ. ‘ಇದು ತಪ್ಪು’ ಎಂದರೆ ಒಬ್ಬರ ಮುಖ ಕೆಂಪಾಗುತ್ತದೆ. ‘ಎರಡನೇ ಸಾಲಿನಲ್ಲಿ ಈ ಪದ ಸೇರಿಸೋಣ’ ಎಂದರೆ ಸಭೆಯಲ್ಲಿ ಮೂವರಾದರೂ ತಲೆಯಾಡಿಸುತ್ತಾರೆ.

ಎರಡನೇ ಆದೇಶವಾದ ಪೂರ್ವಾನುಮತಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ. ಸುತ್ತೋಲೆಯ ಆ ವಾಕ್ಯದಲ್ಲಿ ‘ವಿಶ್ವವಿದ್ಯಾಲಯದ ಪರವಾಗಿ’ ಎಂಬ ಎರಡೇ ಪದ ಸೇರಿಸಿ ನೋಡಿ. ಆಗ ಅದು ನ್ಯಾಯವಾದ ನಿಯಮ. ಸಂಸ್ಥೆಯ ಹೆಸರಿನಲ್ಲಿ ಮಾತನಾಡುವಾಗ ಅನುಮತಿ ಬೇಕು, ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಖಾಸಗಿ ವಿವರ, ರೋಗಿಗಳ ದಾಖಲೆ ಹೊರಗೆ ಹೋಗಬಾರದು, ಇವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಎರಡು ಪದಗಳಿಲ್ಲದೆ ಓದಿದರೆ ಅದು ನಗೆಪಾಟಲಾಗುತ್ತದೆ. ಕರಾವಳಿಯ ತಾಳಮದ್ದಳೆಯ ಅರ್ಥಧಾರಿಗಳಲ್ಲಿ ಅಧ್ಯಾಪಕರೇನೂ ಕಡಿಮೆಯಿಲ್ಲ, ಕೂಟಗಳು ಈಗ ಯೂಟ್ಯೂಬ್‌ನಲ್ಲಿ ನೇರ ಪ್ರಸಾರವಾಗುತ್ತವೆ. ನಿಮ್ಮ ಸುತ್ತೋಲೆಯ ಪ್ರಕಾರ ಕೃಷ್ಣ ಸಂಧಾನಕ್ಕೆ ಹಸ್ತಿನಾವತಿಗೆ ಹೊರಡುವ ಮೊದಲು ಕುಲಸಚಿವರ ಸಹಿ ಪಡೆಯಬೇಕು! ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಸಾಕಷ್ಟು ಬಿಗಿಯಾದವು. ಅವೂ ಶುದ್ಧ ಸಾಹಿತ್ಯಿಕ, ಕಲಾತ್ಮಕ ಅಥವಾ ವೈಜ್ಞಾನಿಕ ಸ್ವರೂಪದ ಬರಹಕ್ಕೆ ಪೂರ್ವಾನುಮತಿ ಕೇಳುವುದಿಲ್ಲ. ಗುಮಾಸ್ತರಿಗಿರುವ ಸ್ವಾತಂತ್ರ್ಯ ಪ್ರಾಧ್ಯಾಪಕರಿಗೆ ಬೇಡವೇ ಎಂದು ಕೇಳಿ, ನಗುತ್ತಲೇ ಕೇಳಿ. ಸಂಸ್ಥೆಯ ಒಳಗಿನ ತಪ್ಪನ್ನು ಹೊರಗೆ ಬರೆಯುವುದು ಮಾತ್ರ ಬೇರೆ ಪ್ರಶ್ನೆ. ಖಾಸಗಿ ಸಂಸ್ಥೆಯ ಉದ್ಯೋಗಿಯಾಗಿ ಅಲ್ಲಿ ನಿಮಗೆ ರಕ್ಷಣೆ ತೆಳುವಾಗಿದೆ, ಸಂವಿಧಾನದ ವಾಕ್ ಸ್ವಾತಂತ್ರ್ಯದ ಹಕ್ಕು ಮೂಲತಃ ಸರ್ಕಾರದ ಎದುರಿನ ಹಕ್ಕು. ಮೊದಲು ಒಳಗಿನ ದಾರಿಗಳನ್ನು ಲಿಖಿತವಾಗಿ ಮುಗಿಸಿ. ಈ ನಿಯಮ ಸೇವಾ ನಿಯಮವೇ ಆದ್ದರಿಂದ ಅಂತಿಮವಾಗಿ ಕಾರ್ಯಕಾರಿ ಮಂಡಳಿಗೆ ಹೋಗಬೇಕು ಎಂಬುದನ್ನೂ ದಾಖಲಿಸಿ. ಪರಿಷತ್ತು ಅನುಮೋದಿಸಿದರೂ ಅದು ಪರಿಷತ್ತಿನ ವ್ಯಾಪ್ತಿಯ ವಿಷಯವಲ್ಲ.

ಹಾಜರಿ ಯಂತ್ರದ ಬಗ್ಗೆ ನಿಮಗೆ ಬೇಸರವಾಗುವ ಉತ್ತರ ಕೊಡಬೇಕಾಗಿದೆ. ಅದು ಆಡಳಿತದ ಅಧಿಕಾರದೊಳಗಿನ ವಿಷಯ. ಯುಜಿಸಿಯ 2018ರ ನಿಯಮಾವಳಿ ಪೂರ್ಣಾವಧಿ ಅಧ್ಯಾಪಕರಿಗೆ ವಾರಕ್ಕೆ 40 ಗಂಟೆಗಳ ಕೆಲಸ ಎಂದು ಹೇಳುತ್ತದೆ. ಅದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ದಿನಕ್ಕೆ ಕನಿಷ್ಠ 5 ಗಂಟೆ ಕ್ಯಾಂಪಸ್‌ನಲ್ಲಿ ಸಿಗಬೇಕು ಎಂದೂ ಇದೆ. ಒಂಬತ್ತರಿಂದ ಐದು ಎಂಬುದು ಆ ಐದು ಗಂಟೆಗಿಂತ ಹೆಚ್ಚು ಎಂದು ನೀವು ವಾದಿಸಬಹುದು, ಆದರೆ ಅದು ಕನಿಷ್ಠ ಮಿತಿ, ಗರಿಷ್ಠವಲ್ಲ ಎಂದು ಅವರು ಉತ್ತರಿಸುತ್ತಾರೆ. ಅದೇ ನಿಯಮಾವಳಿ ಮಾರ್ಗದರ್ಶನಕ್ಕೂ ಸಂಶೋಧನೆಗೂ ದಿನಕ್ಕೆ ಎರಡು ಗಂಟೆ ಎಂದು ಹೇಳುವಾಗ ಬೇಕಾದ ಜಾಗ, ಸೌಕರ್ಯವನ್ನು ಸಂಸ್ಥೆ ಒದಗಿಸಬೇಕು ಎಂದೂ ಹೇಳುತ್ತದೆ. ಒಂದು ಕೋಣೆಯಲ್ಲಿ ಆರು ಜನರನ್ನು ಕೂರಿಸಿ ಐದರವರೆಗೆ ಇರಿ ಎನ್ನುವ ಸಂಸ್ಥೆಗಳಿಗೆ ಈ ಸಾಲನ್ನು ತೋರಿಸಬೇಕು.

ಮುಖದ ದತ್ತಾಂಶದ ವಿಚಾರದಲ್ಲಿ ಸುಪ್ರೀಂ ಕೋರ್ಟ್‌ನ 2017ರ ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿದೆ. ಆ ಅರ್ಜಿದಾರರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಆದರೆ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಕ್ಕೆ ಮಾಲೀಕರು ಒಪ್ಪಿಗೆ ಪಡೆಯದೆಯೂ ದತ್ತಾಂಶ ಬಳಸಲು ಅವಕಾಶ ಕೊಟ್ಟಿದೆ. ಹಾಗಾಗಿ ಯಂತ್ರವನ್ನು ಕಿತ್ತುಹಾಕಿಸುವ ಹೋರಾಟಕ್ಕೆ ಇಳಿಯಬೇಡಿ. ಚಿತ್ರಗಳು ಎಲ್ಲಿ ಉಳಿಯುತ್ತವೆ, ಯಂತ್ರದ ಕಂಪನಿಗೆ ಅವು ಸಿಗುತ್ತವೆಯೇ, ಕೆಲಸ ಬಿಟ್ಟವರ ಮುಖ ಯಾವಾಗ ಅಳಿಸಿಹೋಗುತ್ತದೆ, ಇಷ್ಟಕ್ಕೆ ಲಿಖಿತ ಉತ್ತರ ಕೇಳಿ. ಮೂರರಲ್ಲಿ ನಾನು ಬಿಟ್ಟುಕೊಡುವುದಾದರೆ ಇದನ್ನೇ ಬಿಟ್ಟುಕೊಡುತ್ತಿದ್ದೆ. ಇದನ್ನು ಬಿಟ್ಟುಕೊಟ್ಟು ಅಂಕಗಳದ್ದನ್ನು ಪಡೆದರೆ ಅದು ಲಾಭದ ವ್ಯವಹಾರ.

ಕೋರ್ಟ್‌ಗೆ ಹೋಗಬಹುದೇ ಎಂದು ನೀವು ಕೇಳಿಲ್ಲ, ಆದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಡೀಮ್ಡ್ ವಿಶ್ವವಿದ್ಯಾಲಯ ಸಾರ್ವಜನಿಕ ಕರ್ತವ್ಯ ಮಾಡುವುದರಿಂದ ಅದರ ವಿರುದ್ಧ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ನಿಲ್ಲುತ್ತದೆ ಎಂದು 2015ರಲ್ಲಿ ಎಸ್‌ಆರ್‌ಎಂ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರಲ್ಲಿ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿಯ ಪ್ರಕರಣದಲ್ಲಿ ಅದೇ ಕೋರ್ಟ್ ಬಾಗಿಲನ್ನು ಕಿರಿದಾಗಿಸಿತು: ಶುದ್ಧ ಸೇವಾ ಒಪ್ಪಂದದ ಜಗಳಕ್ಕೆ, ಸಾರ್ವಜನಿಕ ಕಾನೂನಿನ ಅಂಶ ಇಲ್ಲದಿದ್ದರೆ, ರಿಟ್ ಇಲ್ಲ. ಕಾರ್ಮಿಕ ನ್ಯಾಯಾಲಯದ ಬಾಗಿಲು 1988ರಲ್ಲೇ ಮುಚ್ಚಿದೆ, ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂಬ ತೀರ್ಪಿನಿಂದ. ಖಾಸಗಿ ಕಾಲೇಜುಗಳಲ್ಲಿ ವಜಾ, ಹಿಂಬಡ್ತಿಯಂಥ ಕ್ರಮಕ್ಕೆ 1975ರ ರಾಜ್ಯ ಕಾಯ್ದೆಯ ಅಡಿ ಜಿಲ್ಲಾ ನ್ಯಾಯಾಧೀಶರು ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಯಾಗಿ ಕೂರುತ್ತಾರೆ. ಸುತ್ತೋಲೆಯ ಜಗಳಕ್ಕೆ ಅದು ಒದಗುವುದಿಲ್ಲ.

ಈ ನಿಯಮ ಮಾಡಲು ಇವರಿಗೆ ಅಧಿಕಾರವೇ ಇಲ್ಲ ಎಂಬ ವಾದ ಕಾಗದದ ಮೇಲೆ ಎಷ್ಟು ಗಟ್ಟಿಯಾಗಿ ಕಂಡರೂ ಕೋರ್ಟ್‌ನಲ್ಲಿ ಗೆಲ್ಲುತ್ತದೆ ಎಂಬ ಭರವಸೆಯೂ ಬೇಡ. 2022ರಲ್ಲಿ ಉಡುಪಿಯಿಂದ ಹೊರಟ ಹಿಜಾಬ್ ವಿವಾದದಲ್ಲಿ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಗೆ ಸಮವಸ್ತ್ರ ನಿಗದಿ ಮಾಡುವ ಕಾನೂನುಬದ್ಧ ಅಧಿಕಾರವಿದೆಯೇ ಎಂಬುದೂ ಒಂದು ಪ್ರಶ್ನೆಯಾಗಿತ್ತು. ಹೈಕೋರ್ಟ್ ಮಾರ್ಚ್ 15ರ ತೀರ್ಪಿನಲ್ಲಿ ಆ ಆಕ್ಷೇಪವನ್ನು ಒಪ್ಪಲಿಲ್ಲ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಇಡೀ ಪ್ರಕರಣದಲ್ಲಿ ಭಿನ್ನ ತೀರ್ಪು ಕೊಟ್ಟರು. ಅಷ್ಟರಲ್ಲಿ ಆ ಶೈಕ್ಷಣಿಕ ವರ್ಷ ಮುಗಿದೇ ಹೋಗಿತ್ತು. ಮೇಲಾಗಿ ನಮಗೆ ಹೈಕೋರ್ಟ್ ಎಂದರೆ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರು. ಮಂಗಳೂರಿಗೆ ಪೀಠ ಬೇಕೆಂಬ ಬೇಡಿಕೆ ಇನ್ನೂ ಬೇಡಿಕೆಯಾಗಿಯೇ ಇದೆ.

ಮಾಹಿತಿ ಹಕ್ಕು ಕಾಯ್ದೆ ಕೊಣಾಜೆಯವರಿಗೂ ಸುರತ್ಕಲ್‌ನವರಿಗೂ ನೇರ ಅಸ್ತ್ರ. ಮಂಡಳಿ, ಪರಿಷತ್ತುಗಳ ಪಟ್ಟಿಯನ್ನೂ ಅವುಗಳ ನಡಾವಳಿ ಜನರಿಗೆ ಸಿಗುತ್ತದೆಯೇ ಎಂಬುದನ್ನೂ ಕೇಳದೆಯೇ ಪ್ರಕಟಿಸಬೇಕು ಎಂದು ಅದರ 4ನೇ ಸೆಕ್ಷನ್ ಹೇಳುತ್ತದೆ. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಕಾರಣ ಕೊಡಬೇಕೆಂಬುದೂ ಅಲ್ಲೇ ಇದೆ. ಖಾಸಗಿಯವರ ಮೇಲೆ ನೇರವಾಗಿ ಬಳಸುವುದು ಕಷ್ಟ, ಆದರೆ ಯುಜಿಸಿ ಸಾರ್ವಜನಿಕ ಪ್ರಾಧಿಕಾರ. ಕಾನೂನಿನಂತೆ ಅದು ಖಾಸಗಿ ಸಂಸ್ಥೆಯಿಂದ ಪಡೆಯಬಹುದಾದ ಮಾಹಿತಿಯನ್ನು ಅದರ ಮೂಲಕ ಕೇಳಬಹುದು.

ಕೋರ್ಟ್‌ಗಿಂತ ಹತ್ತಿರದ ದಾರಿ ನ್ಯಾಕ್. ಅದರ ಮಾನದಂಡಗಳಲ್ಲಿ ಒಂದು ಆಡಳಿತ ಮತ್ತು ನಾಯಕತ್ವಕ್ಕೇ ಮೀಸಲು. ಸಭೆಗಳ ನಡಾವಳಿ, ಕೈಗೊಂಡ ಕ್ರಮದ ವರದಿಗಳು ದಾಖಲೆಯಾಗಿ ಹೋಗುತ್ತವೆ. ಭಿನ್ನಮತವೊಂದು ನಡಾವಳಿಯಲ್ಲಿದ್ದರೆ ಮುಂದಿನ ಸಲ ಅಧ್ಯಯನ ಮಂಡಳಿಯ ಸಭೆ ಕರೆಯುವುದೇ ಮೇಲು ಎಂದು ಕಚೇರಿಗೆ ತೋಚುತ್ತದೆ. ಪರಿಷತ್ತಿನ ಬಾಹ್ಯ ಸದಸ್ಯರಿಗೂ ಸಭೆಗೆ ಮೊದಲು ಒಂದು ಪುಟದ ಟಿಪ್ಪಣಿ ಕಳುಹಿಸಿ. ಬೇರೆ ಊರಿನ ನಿವೃತ್ತ ಪ್ರಾಧ್ಯಾಪಕರಿಗೆ ನಿಮ್ಮಷ್ಟು ದಾಕ್ಷಿಣ್ಯವಿರುವುದಿಲ್ಲ. ಹೇಳಬೇಕಾದದ್ದನ್ನು ಅವರು ಹೇಳಿಬಿಟ್ಟು ಸಂಜೆಯ ರೈಲು ಹತ್ತುತ್ತಾರೆ. ಸಂಘಟನೆಯ ಬಲವೂ ಬೇಕು. ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜು ಅಧ್ಯಾಪಕರಿಗೆ ಅಮುಕ್ತ್ ಎಂಬ ಸಂಘ ಇದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅಂಥದ್ದು ಕಟ್ಟುವುದು ಸುಲಭವಲ್ಲ, ಕನಿಷ್ಠ ನಿಮ್ಮ ನಿಕಾಯದ ನಾಲ್ಕು ಜನ ಕಾರ್ಯಸೂಚಿಯನ್ನು ಒಟ್ಟಿಗೆ ಕೂತು ಓದುವಷ್ಟಾದರೂ ಮಾಡಿಕೊಳ್ಳಿ.

ಈಗ ಕರಡು ನಡಾವಳಿ. ಇದು ಈ ವಾರದ ಕೆಲಸ. ತಿದ್ದುಪಡಿ ಕಳುಹಿಸಲು ಕೊಟ್ಟ ಗಡುವು ನೋಡಿ, ಮುಂದಿನ ಸಭೆಯಲ್ಲಿ ನಡಾವಳಿ ದೃಢೀಕರಣವಾದ ಮೇಲೆ ಅದನ್ನು ಅಲ್ಲಾಡಿಸುವುದು ಕಷ್ಟ. ಒಂದು ಎಚ್ಚರಿಕೆ: ನೀವು ವಿವರಣೆ ಕೇಳಲು ಎದ್ದಿರಿ, ವಿರೋಧಿಸಿದೆ ಎಂದು ಬರೆದಿಲ್ಲ. ಆದ್ದರಿಂದ ಈಗ ‘ನಾನು ವಿರೋಧಿಸಿದ್ದೆ’ ಎಂದು ಬರೆಯಬೇಡಿ, ಪಕ್ಕದಲ್ಲಿ ಕುಳಿತವರೇ ಅಲ್ಲಗಳೆಯುತ್ತಾರೆ. ನಡೆದದ್ದನ್ನಷ್ಟೇ ಬರೆಯಿರಿ: ‘ಈ ವಿಷಯದ ಮೇಲೆ ನಾನು ವಿವರಣೆ ಕೋರಿದೆ. ಸಮಯಾಭಾವದಿಂದ ಲಿಖಿತವಾಗಿ ನೀಡಲು ಅಧ್ಯಕ್ಷರು ಸೂಚಿಸಿದರು. ವಿವರಣೆ ದೊರೆಯದ ಕಾರಣ ನನ್ನ ಸಮ್ಮತಿ ಇರಲಿಲ್ಲ. ಆದ್ದರಿಂದ ಸರ್ವಾನುಮತದಿಂದ ಎಂಬ ಪದವನ್ನು ಕೈಬಿಟ್ಟು ಮೇಲಿನ ಸಂಗತಿಯನ್ನು ದಾಖಲಿಸಬೇಕಾಗಿ ಕೋರಿಕೆ.’ ಕೆಳಗೆ, ಅವರೇ ಬರೆದು ಕೊಡಿ ಎಂದಿದ್ದರಿಂದ, ನಿಮ್ಮ ಪ್ರಶ್ನೆಗಳನ್ನು ಲಗತ್ತಿಸಿ: ತುರ್ತು ಏನಿತ್ತು, ಯಾವ ನಿಯಮದ ಅಡಿ, ಯಾವ ಅಧ್ಯಯನ ಮಂಡಳಿಯ ಶಿಫಾರಸು. ಇಮೇಲ್‌ನಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಬೇಡ. ಧ್ವನಿ ಎತ್ತರಿಸಬೇಡಿ, ‘ಖಂಡಿಸುತ್ತೇನೆ’ ಎಂಬ ಪದವೂ ಬೇಡ.

ರಾಜೀನಾಮೆ ಕೊಡಬೇಡಿ. ಪರಿಷತ್ತಿನ ಸ್ಥಾನ ಸರದಿಯದು. ನೀವು ಬಿಟ್ಟರೆ ಜ್ಯೇಷ್ಠತೆಯ ಪಟ್ಟಿಯಲ್ಲಿ ನಿಮ್ಮ ನಂತರ ಯಾರಿದ್ದಾರೆ ಎಂದು ಒಮ್ಮೆ ನೋಡಿ. ಅವರು ಕಾರ್ಯಸೂಚಿ ಓದುವವರಾದರೆ ಆಮೇಲೆ ಯೋಚಿಸೋಣ. ಅವಧಿ ಮುಗಿಯುವವರೆಗೂ ಪ್ರತಿ ಸಭೆಗೂ ಹೋಗಿ. ಕೆಲವು ನಿಯಮಪುಸ್ತಕಗಳಲ್ಲಿ ಕಾರಣವಿಲ್ಲದೆ ಸತತವಾಗಿ ಗೈರಾದವರ ಸದಸ್ಯತ್ವ ತಾನಾಗಿ ಹೋಗುತ್ತದೆ, ಆ ಸಾಲನ್ನೂ ನೋಡಿಟ್ಟುಕೊಳ್ಳಿ. ನಿಮ್ಮ ತಿದ್ದುಪಡಿಯನ್ನು ಸೇರಿಸದೆಯೇ ನಡಾವಳಿಯನ್ನು ದೃಢೀಕರಣಕ್ಕೆ ತಂದರೆ, ಆ ಸಭೆಯ ಮೊದಲ ವಿಷಯ ಅದೇ ಆಗಿರುತ್ತದೆ, ಆಗ ಇನ್ನೂ ಊಟದ ಹೊತ್ತು ದೂರವಿರುತ್ತದೆ. ಎದ್ದು ನಿಂತು ಪತ್ರದ ದಿನಾಂಕ ಹೇಳಿ, ಆ ನಾಲ್ಕು ಸಾಲುಗಳನ್ನು ಓದಿ, ಕುಳಿತುಕೊಳ್ಳಿ.